ಸಂಕ್ಷೇಪವೂ ಅವಸರವೂ



ಹತ್ತನೆಯ ತರಗತಿಯ ಫಲಿತಾಂಶ ಬಂದೊಡನೆ ಮಠಕ್ಕೆ ಬರುವ ಭಕ್ತರು ಕೇಳುವ ಮಾತು ಒಂದೇ: "ಬುದ್ಧೀ, ಆ ಪಿಯು ಕಾಲೇಜಿನಲ್ಲಿ ಎರಡು ವರ್ಷದ ಪಾಠವನ್ನು ಬೇಗ ಮುಗಿಸಿ, ಉಳಿದ ಕಾಲವನ್ನೆಲ್ಲ ನೀಟಿಗೆ, ಸಿಇಟಿಗೆ ಕೊಡುತ್ತಾರಂತೆ. ಮಗುವನ್ನು ಸೇರಿಸೋಣವೆ?"

ಬೇಗ ಕಲಿಯುವುದು ತಪ್ಪೆ? ತಪ್ಪಲ್ಲ. ಪಂಚತಂತ್ರದ ಆರಂಭವನ್ನು ನೆನೆಯಿರಿ. ಅಮರಶಕ್ತಿ ರಾಜನ ಮೂವರು ಮಕ್ಕಳು ಅವಿದ್ಯಾವಂತರು. ವ್ಯಾಕರಣಕ್ಕೇ ಹನ್ನೆರಡು ವರ್ಷ ಬೇಕು, ಆಮೇಲೆ ಉಳಿದ ಶಾಸ್ತ್ರಗಳು ಎಂಬ ಮಾತು ಸಭೆಯಲ್ಲಿ ಬಂತು. ವಿಷ್ಣುಶರ್ಮನು ಆರು ತಿಂಗಳಲ್ಲಿ ಅವರನ್ನು ನೀತಿಜ್ಞರನ್ನಾಗಿ ಮಾಡುವೆನೆಂದನು. ಆತನು ಮಾಡಿದ್ದೇನು? ಹನ್ನೆರಡು ವರ್ಷದ ಗ್ರಂಥಗಳನ್ನು ಆರು ತಿಂಗಳಲ್ಲಿ ಓಡಿಸಲಿಲ್ಲ. ಆ ಮಕ್ಕಳಿಗೆ ಬೇಕಾದ ಸಾರವನ್ನು ಆರಿಸಿಕೊಂಡು, ಅವರಿಗೆ ಹಿಡಿಸುವ ಕಥೆಯ ರೂಪದಲ್ಲಿ ಹೇಳಿದನು.

ಸಂಸ್ಕೃತ ಪಾಠಶಾಲೆಯಲ್ಲಿ ನಾವು ಓದಿದ ಲಘುಸಿದ್ಧಾಂತಕೌಮುದಿಯೂ ಹಾಗೆಯೇ. ಪಾಣಿನಿಯ ಸುಮಾರು 4,000 ಸೂತ್ರಗಳಲ್ಲಿ ಬಾಲಕರಿಗೆ ಅವಶ್ಯವಾದ ಸುಮಾರು 1,270ನ್ನು ಮಾತ್ರ ವರದರಾಜನು ಆರಿಸಿಕೊಟ್ಟನು. ಇದು ಸಂಕ್ಷೇಪ. ಸಮಗ್ರವನ್ನು ಬಲ್ಲವನು ಮಗುವಿನ ಹಿತಕ್ಕಾಗಿ ಭಾರವನ್ನು ಇಳಿಸುವುದು ಸಂಕ್ಷೇಪ. ಭಾರವನ್ನು ಹಾಗೆಯೇ ಹೊರಿಸಿ ಓಡು ಎನ್ನುವುದು ಅವಸರ. ಇವೆರಡರ ಭೇದವನ್ನು ತಿಳಿಯಬೇಕು.

ಇಂದು ಅನೇಕ ಕಡೆ ನಡೆಯುತ್ತಿರುವುದು ಯಾವುದು? ಬೆಳಗಿನ ಜಾವ ಎದ್ದ ಮಗು ರಾತ್ರಿಯವರೆಗೆ ಕುಳಿತಿರುತ್ತದೆ. ಭಾಷೆಯ ಪಾಠ ನೆಪಕ್ಕೆ. ಪ್ರಯೋಗಶಾಲೆಗೆ ಹೋಗದೆಯೇ ರೆಕಾರ್ಡು ಪುಸ್ತಕ ತುಂಬುತ್ತದೆ. ಒಂದು ತಿಂಗಳ ಮಳೆ ಒಂದೇ ರಾತ್ರಿ ಸುರಿದರೆ ಹೊಲ ನೀರು ಕುಡಿಯುವುದಿಲ್ಲ, ಮೇಲ್ಮಣ್ಣೂ ಕೊಚ್ಚಿಹೋಗುತ್ತದೆ. ರೈತರಾದ ನಿಮಗೆ ಇದನ್ನು ನಾವು ಹೇಳಬೇಕೆ?

ಲೆಕ್ಕದಿಂದ ನೋಡಿದರೂ ಅವಸರ ಲಾಭವಲ್ಲ. 2025ರ ನೀಟಿನಲ್ಲಿ 180 ನಿಮಿಷಕ್ಕೆ 180 ಪ್ರಶ್ನೆಗಳಿದ್ದವು. ಸರಿಯುತ್ತರಕ್ಕೆ 4 ಅಂಕ; ತಪ್ಪಿದರೆ 1 ಅಂಕ ಕಡಿತ. ಅರೆಬರೆ ತಿಳಿದು ಊಹಿಸಿ ತಪ್ಪಿದವನಿಗೆ ಅಲ್ಲಿ ದಂಡವೇ. ಸಿಇಟಿಯ ಇಂಜಿನಿಯರಿಂಗ್ ರ‍್ಯಾಂಕಿನಲ್ಲಿ ಅರ್ಧ ಭಾಗ ಪಿಯು ಅಂಕಗಳದೇ. ಪಿಯು ವಿಜ್ಞಾನ ವಿಷಯಗಳಲ್ಲಿ ಪ್ರಯೋಗಕ್ಕೆ 30 ಅಂಕಗಳಿವೆ. ತರಗತಿಯ ಪಾಠವನ್ನು ತಾತ್ಸಾರ ಮಾಡಿ ಏರುವ ಏಣಿ ಯಾವುದು?

ಬಡವನ ಮನೆಯ ಮಗು ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಸೇರಿದರೆ ಆ ಮನೆಯ ದೆಸೆಯೇ ತಿರುಗುವುದೆಂಬುದನ್ನು ನಾವು ಬಲ್ಲೆವು. ನಿಮ್ಮ ಆಸೆಯನ್ನು ಹಳಿಯುವುದಿಲ್ಲ. ಚುರುಕಾದ ಮಗು ತಾನಾಗಿ ಮುಂದೆ ಓಡಿದರೆ ತಡೆಯಲೂಬೇಡಿ. ಎರಡು ವರ್ಷ ಚೆನ್ನಾಗಿ ಓದಿದವನಿಗೆ ಕೊನೆಯ ಕೆಲವು ವಾರಗಳ ಕ್ರ್ಯಾಶ್ ಕೋರ್ಸು ಒಳ್ಳೆಯ ಪುನರಾವರ್ತನೆಯೇ ಸರಿ. ಆದರೆ ಬಿತ್ತದ ಹೊಲಕ್ಕೆ ಕಣ ಹಸನು ಮಾಡಿ ಫಲವೇನು?

ಆದುದರಿಂದ ಹೊಲ ಅಡವಿಟ್ಟು ಶುಲ್ಕ ಕಟ್ಟುವ ಮೊದಲು ನಾಲ್ಕು ಮಾತು ಕೇಳಿ. ಯಾವುದನ್ನು ಬಿಟ್ಟು ಕಾಲ ಉಳಿಸುತ್ತೀರಿ? ಪ್ರಯೋಗಗಳನ್ನು ಮಗುವಿನ ಕೈಯಿಂದಲೇ ಮಾಡಿಸುತ್ತೀರಾ? ಹಿಂದುಳಿದವನಿಗೆ ನಿಂತು ಹೇಳುವವರಾರು? ನಿದ್ರೆಗೆ ಎಷ್ಟು ಗಂಟೆ? ತರಬೇತಿ ಕೇಂದ್ರಗಳಿಗಾಗಿ ಕೇಂದ್ರ ಸರ್ಕಾರವು 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯು, 16 ವರ್ಷ ತುಂಬದವರನ್ನು ಸೇರಿಸಿಕೊಳ್ಳಬಾರದು, ದಿನಕ್ಕೆ 5 ಗಂಟೆ ಮೀರಬಾರದು, ವಾರಕ್ಕೊಂದು ರಜೆ ಇರಬೇಕು ಎಂದಿತು. ಅದನ್ನೂ ನೆನಪಿಸಿ.

ಕೊನೆಗೆ ಮಗುವನ್ನೇ ಕೇಳಿ. ಇದು ಬಹುಮಂದಿ ಮರೆಯುವ ಪ್ರಶ್ನೆ. ಸಾಲ ಮಾಡಿದ ತಂದೆಯ ಮುಖ ನೋಡಿ ಮಗು "ಆಗುವುದಿಲ್ಲ" ಎನ್ನಲಾರದು, ಒಳಗೇ ಬೇಯುತ್ತದೆ. ಅದು ಬಾಯಿಬಿಟ್ಟು ಹೇಳುವಂತಹ ಸಲಿಗೆಯನ್ನು ಮನೆಯಲ್ಲಿ ಉಳಿಸಿಕೊಳ್ಳಿ. ಒಂದು ವರ್ಷ ತಡವಾದರೆ ಮತ್ತೊಂದು ವರ್ಷ ಬರುತ್ತದೆ. ಮುರಿದ ಮನಸ್ಸು ಅಷ್ಟು ಸುಲಭವಾಗಿ ಕೂಡುವುದಿಲ್ಲ.

ಗುರುವಿನಿಂದ ಒಂದು ಪಾಲು, ಸ್ವಂತ ಬುದ್ಧಿಯಿಂದ ಒಂದು ಪಾಲು, ಸಹಪಾಠಿಗಳಿಂದ ಒಂದು ಪಾಲು ವಿದ್ಯೆ ಬರುವುದೆಂದು ಹಿರಿಯರು ಹೇಳಿ, ನಾಲ್ಕನೆಯ ಪಾಲನ್ನು ಕಾಲಕ್ಕೆ ಬಿಟ್ಟರು. ಆ ಪಾಲನ್ನು ಹಣ ಕೊಟ್ಟು ಕೊಳ್ಳಲಾಗದು. ನಿಮ್ಮ ಮಕ್ಕಳ ವಿದ್ಯೆಗೆ ಪಕ್ವವಾಗುವಷ್ಟು ಕಾಲ ದೊರೆಯಲಿ ಎಂದು ಹಾರೈಸುತ್ತೇವೆ.