ಮೊದಲು ಉಸಿರು, ಆಮೇಲೆ ಲೆಕ್ಕ
(ಹರಿಪುರದ ಕೂಟದಲ್ಲಿ ಆಡಿದ ಮಾತು)



ಕೃಷ್ಣಾ ಮತ್ತು ವಾರಣಾ ನದಿಗಳು ಕೂಡುವ ಈ ಹರಿಪುರ ಅರಿಸಿನದ ಹಗೇವುಗಳಿಗೆ ಹೆಸರಾದ ಊರು. ನೆಲದಡಿಯ ಕುಳಿಯಲ್ಲಿ ಅರಿಸಿನ ತುಂಬಿ, ಬಾಯಿ ಮುಚ್ಚಿ, ಬಹುಕಾಲ ಕಾಪಾಡುತ್ತಿದ್ದರು. 2005ರ ಮಹಾಪೂರದಲ್ಲಿ ಎಷ್ಟೋ ಹಗೇವುಗಳು ಹಾಳಾದವು. ಮುಚ್ಚಿದ ಹಗೇವನ್ನು ತೆರೆದವನು ಕೂಡಲೇ ಒಳಗೆ ಇಳಿಯುವುದಿಲ್ಲ. ಅಲ್ಲಿ ಉಸಿರಾಡಲು ಬೇಕಾದ ಗಾಳಿ ಇರುವುದಿಲ್ಲ. ಮೊದಲು ಗಾಳಿ ಆಡಬೇಕು, ಚೀಲದ ಲೆಕ್ಕ ಆಮೇಲೆ. ನಾನು ಇಂದು ಹೇಳಬೇಕಾದ ಮಾತೂ ಇದೇ.

ನಮ್ಮ ಲೈನ್ ಮನೆಗಳ ಗೋಡೆ ತೆಳು. ಒಂದು ಮನೆಯ ಮಾತು ಹತ್ತು ಮನೆಗೆ ಕೇಳುತ್ತದೆ. ಒಬ್ಬ ತಾಯಿಯ ಮಗ ರಾತ್ರಿ ಎಚ್ಚರ ತಪ್ಪಿ ಬಿದ್ದಿದ್ದಾನೆ ಎಂದು ನೆನೆಸಿಕೊಳ್ಳಿ. ಮೈಕೈ ನೋವಿಗೆಂದು ಹಿಡಿದ ಮಾತ್ರೆ ಚಟವಾಗಿದೆ. ಅದು ಆಕೆಗೆ ಗೊತ್ತು. ಆದರೆ ಮೇಸ್ತ್ರಿಗೆ ತಿಳಿದರೆ? ರೈಟರಿಗೆ ತಿಳಿದರೆ? ಪೊಲೀಸರು ಬಂದರೆ? ಹೀಗೆ ಯೋಚಿಸುತ್ತ ಆಕೆ ಬೆಳಗಿನವರೆಗೆ ಕಾಯುತ್ತಾಳೆ. ಆಸ್ಪತ್ರೆಗೆ ಹೋದ ಮೇಲೂ "ಊಟ ಒಗ್ಗಲಿಲ್ಲ" ಎನ್ನುತ್ತಾಳೆ. ಆ ತಾಯಿಯನ್ನು ಬೈಯುವವರು ನಾವಾಗಬಾರದು. ಅವಳ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಆ ಹೆದರಿಕೆ ಮಗನ ಜೀವವನ್ನೇ ತೆಗೆಯಬಹುದು.

ಅಫೀಮು, ಬ್ರೌನ್ ಶುಗರ್, ಟ್ರಮಡಾಲ್ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಔಷಧ ಇವೆಲ್ಲ ಒಂದೇ ಗುಂಪಿಗೆ ಸೇರಿದವು. ಮಿತಿಮೀರಿದರೆ ಉಸಿರು ನಿಧಾನವಾಗಿ ನಿಲ್ಲುತ್ತದೆ. ಹೆಂಡ ಸೇರಿದರೆ ಅಪಾಯ ಇನ್ನೂ ಹೆಚ್ಚು. ಕಣ್ಣಿನ ಪಾಪೆ ಸಾಸಿವೆಯಷ್ಟಾಗುವುದು, ತುಟಿ ನೀಲಿಗಟ್ಟುವುದು, ಗಂಟಲು ಗೊರಗೊರ ಎನ್ನುವುದು, ಅಲುಗಾಡಿಸಿದರೂ ಏಳದಿರುವುದು ಇದರ ಲಕ್ಷಣ. ಆಗ 108ಕ್ಕೆ ಕರೆ ಮಾಡಿ. ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ನಲಾಕ್ಸೋನ್ ಎಂಬ ಔಷಧ ಈ ವಿಷಕ್ಕೆ ಎದುರಾಗಿ ನಿಂತು ಉಸಿರನ್ನು ಮರಳಿಸಬಲ್ಲದು. ಆದರೆ ಅದರ ಬಲ ಬೇಗ ಇಳಿಯುತ್ತದೆ. ಆದುದರಿಂದ ಎಚ್ಚರವಾದ ಕೂಡಲೇ ಮನೆಗೆ ಕರೆತರಬಾರದು. ನುಂಗಿದ್ದು ಏನೆಂದು ವೈದ್ಯರಿಗೆ ಗೊತ್ತಾದರೆ ತಾನೇ ಸರಿಯಾದ ಔಷಧ ಕೊಡುವುದು? ಖಾಲಿ ಮಾತ್ರೆಯ ಹಾಳೆ ಸಿಕ್ಕರೆ ಅದನ್ನೂ ಒಯ್ಯಿರಿ.

ಇನ್ನು ಗುಟ್ಟಿನ ಮಾತು. ತುರ್ತು ರೋಗಿಗೆ ಮೊದಲು ಚಿಕಿತ್ಸೆ, ಕಾನೂನಿನ ಕಾಗದಪತ್ರ ಆಮೇಲೆ ಎಂದು ಸುಪ್ರೀಂ ಕೋರ್ಟು 1989ರಲ್ಲಿಯೇ ಪರಮಾನಂದ ಕಟಾರಾ ಮೊಕದ್ದಮೆಯಲ್ಲಿ ಹೇಳಿದೆ. ವಿಷಪ್ರಾಶನವೆಂದು ತೋರಿದರೆ ಆಸ್ಪತ್ರೆಯವರು ಎಂ.ಎಲ್.ಸಿ. ಎಂದು ಬರೆದು ಪೊಲೀಸರಿಗೆ ತಿಳಿಸುವುದು ವಾಡಿಕೆ. ಇದನ್ನು ನಿಮ್ಮಿಂದ ಮುಚ್ಚಿಡಲಾರೆ. ಆದರೆ ಪೊಲೀಸರಿಗೆ ತಿಳಿಸುವುದು ಬೇರೆ, ಊರಿಗೆಲ್ಲ ಸಾರುವುದು ಬೇರೆ. ವೈದ್ಯರ ನಡತೆಯ 2002ರ ನಿಯಮಗಳ ಪ್ರಕಾರ, ನ್ಯಾಯಾಲಯದ ಆಜ್ಞೆ ಮುಂತಾದ ಕೆಲವು ಸಂದರ್ಭಗಳ ಹೊರತು ರೋಗಿಯ ಗುಟ್ಟನ್ನು ವೈದ್ಯರು ಹೊರಗೆಡಹುವಂತಿಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆ ಮಾದಕ ವಸ್ತುಗಳ ದುರುಪಯೋಗದಿಂದ ಬರುವ ಮಾನಸಿಕ ತೊಂದರೆಗಳನ್ನೂ ಸೇರಿಸಿಕೊಂಡು ಗೋಪ್ಯತೆಯನ್ನು ಹಕ್ಕಾಗಿ ಕೊಟ್ಟಿದೆ. ಅದೇ ವರ್ಷ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಾಧೀಶರು ತೀರ್ಪಿತ್ತರು. ಈ ಹಕ್ಕು ಬಂಗಲೆಯವರಿಗೆ ಮಾತ್ರವಲ್ಲ, ಲೈನ್ ಮನೆಯವರಿಗೂ ಉಂಟು. ರಜೆಗಾಗಿ ವೈದ್ಯರ ಚೀಟಿ ಬೇಕಾದಾಗ, ಕಾಯಿಲೆಯ ವಿವರ ಎಷ್ಟು ಬರೆಯಬೇಕೆಂದು ಅವರೊಡನೆ ಮಾತನಾಡಿಕೊಳ್ಳಿ.

ಮಾದಕ ವಸ್ತು ಸೇವನೆ 1985ರ ಕಾಯಿದೆಯಂತೆ ಅಪರಾಧವೇ ಹೌದು. ಆದರೆ ಅದೇ ಕಾಯಿದೆಯ 64ಎ ಕಲಮು ಒಂದು ಬಾಗಿಲು ತೆರೆದಿಟ್ಟಿದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿಯು ತಾನಾಗಿ ಬಂದು, ಸರ್ಕಾರ ಒಪ್ಪಿದ ಕಡೆ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆ ಉಂಟು. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯ 2007ರಲ್ಲಿ, ಇಂಥ ತುರ್ತಿನಲ್ಲಿ ನೆರವಿಗೆ ಕರೆದವರನ್ನೇ ಕಾಪಾಡುವ ಕಾನೂನು ಮಾಡಿತು. ನಮ್ಮಲ್ಲಿಯೂ ಅಂಥದ್ದು ಬರಬೇಕೆಂದು ಕಾರ್ಮಿಕರು ಕೇಳುವುದು ನ್ಯಾಯ. ಅಲ್ಲಿಯವರೆಗೆ ಪೊಲೀಸರ ವಿಷಯದಲ್ಲಿ ತೊಡಕಾದರೆ ಉಚಿತ ಕಾನೂನು ನೆರವಿಗೆ 15100, ಚಟ ಬಿಡಿಸುವ ಸಲಹೆಗೆ 14446 ಇವೆ.

ಕೊನೆಯದಾಗಿ ನಮ್ಮದೇ ತಪ್ಪು. ಆಸ್ಪತ್ರೆಯಲ್ಲಿ ಉಳಿದ ಗುಟ್ಟು ನೀರಿನ ನಲ್ಲಿಯ ಬಳಿ ಒಡೆಯುತ್ತದೆ. ಕೆಲವೊಮ್ಮೆ ಪ್ರಾರ್ಥನೆಯ ಕೂಟದಲ್ಲಿಯೂ, "ಇಂಥವರ ಮಗನಿಗಾಗಿ, ಇಂಥ ಚಟಕ್ಕಾಗಿ" ಎಂದು ಹೆಸರು ಹಿಡಿದು ಹೇಳುತ್ತೇವೆ. ಪ್ರೀತಿಯಿಂದಲೇ ಹೇಳುತ್ತೇವೆ, ಆದರೆ ಆ ಹುಡುಗ ಮತ್ತೆ ಕೆಲಸಕ್ಕೆ ಬಂದಾಗ ತಲೆ ಎತ್ತಲಾರ. ಇದನ್ನು ಕಂಡ ಇನ್ನೊಬ್ಬ ತಾಯಿ ತನ್ನ ಮಗ ಬಿದ್ದ ರಾತ್ರಿ ಬಾಗಿಲು ತೆರೆಯಲಾರಳು. ಪ್ರಾರ್ಥಿಸುವುದಕ್ಕೆ ರೋಗದ ಹೆಸರು ಬೇಕಿಲ್ಲ.

ನೆರೆಮನೆಯಲ್ಲಿ ಅಂಥ ರಾತ್ರಿ ಬಂದರೆ ಏನು, ಯಾಕೆ ಎಂದು ಕೇಳದೆ ಹೋಗಿ ಕೈಜೋಡಿಸಿ. ಮರುದಿನ ಯಾರಾದರೂ ಕೇಳಿದರೆ, "ಮೈ ಸರಿ ಇರಲಿಲ್ಲ, ಈಗ ಪರವಾಗಿಲ್ಲ" ಎಂದರೆ ಸಾಕು.