ಕಣ್ಣು ಮಿಟುಕಿಸಿದವರೆಲ್ಲ ಕಳ್ಳರಲ್ಲ

ಠಾಣೆಯ ಹೊರಗೆ ಒಬ್ಬ ಮನುಷ್ಯ ನಿಂತಿರ್ತಾನೆ. ಸುತ್ತ ಹತ್ತು ಮೈಕು, ಮುಖಕ್ಕೆ ಕ್ಯಾಮೆರಾ ಲೈಟು. ‘ನಾನೇನೂ ಮಾಡಿಲ್ಲ ಸಾರ್’ ಅಂತಾನೆ. ಮನೆಯಲ್ಲಿ ಕೂತ ನಾವೇನಂತೀವಿ? ‘ನೋಡ್ರೀ, ಹೇಗೆ ಪಟಪಟ ಅಂತ ರೆಪ್ಪೆ ಬಡೀತಿದ್ದಾನೆ, ಇವನೇ ಮಾಡಿರೋದು!’ ಸಾಕ್ಷಿ ಇಲ್ಲ, ಚಾರ್ಜ್‌ಶೀಟ್ ಇಲ್ಲ. ತೀರ್ಪು ಮಾತ್ರ ರೆಡಿ.

ಸಾಮಾನ್ಯವಾಗಿ ನಾವೆಲ್ಲ ನಿಮಿಷಕ್ಕೆ 15ರಿಂದ 20 ಸಲ ಕಣ್ಣು ಮಿಟುಕಿಸ್ತೀವಿ. ಕಣ್ಣು ಒಣಗಬಾರದಲ್ಲ, ಅದಕ್ಕೆ. ಗಾಬರಿಯಾದರೆ ಇದು ಹೆಚ್ಚುತ್ತೆ. ಆದರೆ ಎಸಿ ಗಾಳಿಗೂ ಹೆಚ್ಚುತ್ತೆ, ಕಾಂಟ್ಯಾಕ್ಟ್ ಲೆನ್ಸ್ ಹಾಕಿದ್ರೂ ಹೆಚ್ಚುತ್ತೆ. ಓದುವಾಗ, ಮೊಬೈಲ್ ನೋಡುವಾಗ ಕಡಿಮೆಯಾಗುತ್ತೆ. ನಮ್ಮ ಕಥೆಯನ್ನೇ ತಗೊಳ್ಳಿ. ಎದುರಿಗೆ ಟೆಲಿಪ್ರಾಂಪ್ಟರ್‌ನಲ್ಲಿ ಅಕ್ಷರ ಓಡ್ತಿರುತ್ತೆ, ನಾವು ಕಣ್ಣು ಬಿಟ್ಟ ಹಾಗೇ ಓದ್ತೀವಿ. ನೀವು ‘ಎಂಥ ಧೈರ್ಯ’ ಅಂದ್ಕೊಳ್ತೀರಿ. ಅದು ಧೈರ್ಯ ಅಲ್ಲ ಸ್ವಾಮಿ, ಓದು!

1996ರ ಅಮೆರಿಕ ಅಧ್ಯಕ್ಷೀಯ ಚುನಾವಣೆ. ಕ್ಲಿಂಟನ್ ಮತ್ತು ಬಾಬ್ ಡೋಲ್ ಟಿವಿ ಚರ್ಚೆಗೆ ಕೂತರು. ಬೋಸ್ಟನ್ ಕಾಲೇಜಿನ ಮನಶ್ಶಾಸ್ತ್ರಜ್ಞ ಜೋಸೆಫ್ ಟೆಕ್ಕೆ ಲೆಕ್ಕ ಹಾಕಿದರು: ಡೋಲ್ ನಿಮಿಷಕ್ಕೆ 147 ಸಲ ರೆಪ್ಪೆ ಬಡಿದಿದ್ದರು, ಕ್ಲಿಂಟನ್ 99 ಸಲ. ಡೋಲ್ ಸೋತರು. ರೆಪ್ಪೆಯಿಂದಲೇ ಸೋತರು ಅನ್ನೋಕಾಗುತ್ತಾ? ಅವರು ಸಮೀಕ್ಷೆಗಳಲ್ಲಿ ಮೊದಲೇ ಹಿಂದಿದ್ದರು. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡು ಬಲಗೈ ಸ್ವಾಧೀನ ಕಳೆದುಕೊಂಡು ಬದುಕಿ ಬಂದ ಮನುಷ್ಯ ಅವರು. ಅಂಥವರನ್ನೂ ಅಳೆಯೋಕೆ ನಮಗೆ ರೆಪ್ಪೆ ಸಾಕಾಯ್ತು.

ಇನ್ನೊಂದು ವಿಷಯ. ಸುಳ್ಳು ಕಟ್ಟೋದು ಮೆದುಳಿಗೆ ಹೆಚ್ಚು ಕೆಲಸ. ಹಾಗೆ ಸುಳ್ಳು ಹೇಳುವಾಗ ರೆಪ್ಪೆ ಬಡಿತ ಕಡಿಮೆಯಾಗಿದ್ದನ್ನು ಪ್ರಯೋಗಗಳಲ್ಲಿ ಕಂಡಿದ್ದಾರೆ. ಅಂದ್ರೆ ನೇರವಾಗಿ ನೋಡ್ತಾ ಮಾತಾಡೋನೇ ಸತ್ಯವಂತ ಅನ್ನೋ ಹಾಗೂ ಇಲ್ಲ.

ಪಾರ್ಕಿನ್ಸನ್ ಕಾಯಿಲೆ ಇರೋರನ್ನ ನೋಡಿ. ಅವರ ರೆಪ್ಪೆ ಬಡಿತ ಕಡಿಮೆಯಾಗುತ್ತೆ, ಮುಖದ ಭಾವವೂ ಕುಗ್ಗುತ್ತೆ. ‘ಅಪ್ಪಂಗೆ ಯಾವಾಗ್ಲೂ ಕೋಪ’ ಅಂತ ಮನೆಯವರೇ ದೂರ ಆಗಿಬಿಡಬಹುದು. ಒಳಗೆ ಪ್ರೀತಿ ಇದೆ, ಮುಖ ಹೇಳ್ತಿಲ್ಲ ಅಷ್ಟೇ.

ಇಂಟರ್‌ವ್ಯೂಗೆ ಹೋಗೋ ಹುಡುಗ ಹುಡುಗಿಯರಿಗೆ ಒಂದು ಮಾತು. ರೆಪ್ಪೆ ಎಣಿಸ್ತಾ ಕೂರಬೇಡಿ. ಹಾಗೆ ಎಣಿಸೋಕೆ ಹೋದ್ರೆ ಇನ್ನೂ ಜಾಸ್ತಿಯಾಗುತ್ತೆ. ಒಂದು ಗುಟುಕು ನೀರು ಕುಡೀರಿ, ನಿಧಾನವಾಗಿ ಉಸಿರು ಬಿಡಿ, ಕೇಳಿದ ಪ್ರಶ್ನೆಗೆ ಉತ್ತರ ಹೇಳಿ. ಮೇಜಿನ ಆ ಕಡೆ ಕೂತವರಿಗೂ ಒಂದು ಮಾತು. ನೀವು ನೋಡ್ತಿರೋದು ಆ ಮಗುವಿನ ಭಯವನ್ನ, ಯೋಗ್ಯತೆಯನ್ನಲ್ಲ.

ಮಹಾಭಾರತದ ನಳನ ಕಥೆ ನೆನಪಿಸ್ಕೊಳ್ಳಿ. ಸ್ವಯಂವರದಲ್ಲಿ ದೇವತೆಗಳು ನಳನ ವೇಷದಲ್ಲೇ ಸಾಲಾಗಿ ನಿಂತಿದ್ದರು. ದಮಯಂತಿ ಗುರುತು ಹಿಡಿದಿದ್ದು ಹೇಗೆ? ದೇವತೆಗಳು ಬೆವರಲಿಲ್ಲ, ಕಣ್ಣು ಮಿಟುಕಿಸಲಿಲ್ಲ. ಬೆವರಿದವನು, ರೆಪ್ಪೆ ಬಡಿದವನು ಅವಳ ನಳ. ಅವಳು ಮಾಲೆ ಹಾಕಿದ್ದು ಅವನಿಗೇ.

ರೆಪ್ಪೆ ಬಡಿಯೋದು ಕಳ್ಳನ ಗುರುತಲ್ಲ, ಮನುಷ್ಯನ ಗುರುತು. ಮುಂದಿನ ಸಲ ನಮ್ಮ ಸ್ಕ್ರೀನ್ ಮೇಲೆ ಯಾರದ್ದಾದರೂ ಮುಖ ದೊಡ್ಡದಾಗಿ ಕಂಡಾಗ ಅವರ ಮಾತು ಕೇಳಿ, ಸಾಕ್ಷಿ ಕೇಳಿ. ತೀರ್ಪನ್ನ ಕೋರ್ಟಿಗೆ ಬಿಡಿ.