ಉನ್ನಾವದಿಂದ ಬಂದ ಧಾರವಾಡ

‘ಇದು ಅಸಲಿ ಧಾರವಾಡದ್ದೇ ತಾನೆ?’ ಈ ವಾರ ಲೈನ್ ಬಜಾರಿನಲ್ಲಿ, ಬೆಂಗಳೂರು ಕಡೆಯ ಗಿರಾಕಿಯೊಬ್ಬರು ಪೇಢೆ ಡಬ್ಬಿ ತಿರುಗಿಸಿ ನೋಡುತ್ತ ಕೇಳಿದರು. ಸರತಿಯಲ್ಲಿ ಹಿಂದೆ ನಿಂತಿದ್ದ ಹಿರಿಯರಿಗೆ ತಡೆಯಲಾಗಲಿಲ್ಲ. ‘ಅಲ್ರೀ ಸರ, ಧಾರವಾಡದ್ದಲ್ಲದ ಮತ್ತೆಲ್ಲಿದರೀ?’ ಸುತ್ತಲಿದ್ದವರು ನಕ್ಕರು. ಗಿರಾಕಿ ಬಿಡಲಿಲ್ಲ: ‘ಮತ್ತೆ ಠಾಕೂರ್ ಪೇಢಾ ಅಂತೀರಲ್ಲ?’

ಕೇಳಿದ್ದರಲ್ಲಿ ತಪ್ಪೇನಿಲ್ಲ. ಠಾಕೂರರ ಮನೆತನ ಉತ್ತರ ಪ್ರದೇಶದ ಉನ್ನಾವದ್ದು. ಪ್ಲೇಗಿಗೆ ಹೆದರಿ ಊರು ಬಿಟ್ಟರು, ಧಾರವಾಡದಲ್ಲಿ ಹೊಟ್ಟೆಪಾಡಿಗೆ ಪೇಢೆ ಮಾಡತೊಡಗಿದರು ಎಂಬುದು ಊರವರ ಬಾಯಲ್ಲಿ ಉಳಿದುಬಂದಿರುವ ಕಥೆ. ಕೈ ಅಲ್ಲಿಯದು, ಹಾಲು ಇಲ್ಲಿಯ ಗೌಳಿಗರ ಎಮ್ಮೆಗಳದ್ದು. ಹಾಲನ್ನು ಬತ್ತಿಸಿ ಖೋವಾ ಮಾಡಬೇಕು, ಅದಕ್ಕೆ ಸಕ್ಕರೆ ಸೇರಿಸಿ ಸಣ್ಣ ಉರಿಯ ಮೇಲೆ ಕೈ ಬಿಡದೆ ತಿರುವುತ್ತ ಹುರಿಯಬೇಕು. ಬಿಳಿಯದು ಕೆನೆಬಣ್ಣಕ್ಕೆ, ಕೆನೆಬಣ್ಣದ್ದು ಕಂದಿಗೆ ತಿರುಗಲು ಅದರದೇ ಹೊತ್ತು ಹಿಡಿಯುತ್ತದೆ. ಅವಸರ ಮಾಡಿದರೆ ತಳ ಹಿಡಿಯುತ್ತದೆ. ಕೊನೆಗೆ ಉಂಡೆ ಕಟ್ಟಿ ಸಕ್ಕರೆ ಪುಡಿಯಲ್ಲಿ ಹೊರಳಿಸಿದರಾಯಿತು. ಉನ್ನಾವದವರ ಕೈಯಿಂದ ಬಂದ ಈ ತಿನಿಸಿಗೆ ಇವತ್ತು ಧಾರವಾಡದ ಹೆಸರಿನಲ್ಲೇ ಭೌಗೋಳಿಕ ಗುರುತಿನ ಮಾನ್ಯತೆ ಇದೆ.

ಸರ್ಕಾರಿ ಕಾಗದಕ್ಕೂ ಕೆಲವೊಮ್ಮೆ ಹಾಸ್ಯಪ್ರಜ್ಞೆ ಇರುತ್ತದೆ!

ಹುಡುಕುತ್ತ ಹೋದರೆ ಈ ಊರು ತನ್ನದೆಂದು ಮೆರೆಸುವ ಬಹಳಷ್ಟು ಹೀಗೇ ಬಂದದ್ದು. ಬೀನಕಾರ ಬಂದೇ ಅಲಿ ಖಾನರ ಶಿಷ್ಯ ರಹಿಮತ್ ಖಾನರು ಇಲ್ಲಿಗೆ ಬಂದು ನೆಲೆಸಿದ್ದರಿಂದ ಧಾರವಾಡ ಸಿತಾರಿನ ಊರೂ ಆಯಿತು. ಅವರ ಮೊಮ್ಮಗ ಬಾಲೇಖಾನರ ಹೊತ್ತಿಗೆ ಅದು ಪಕ್ಕಾ ಧಾರವಾಡದ ಮನೆತನ.

ಮಲ್ಲಿಕಾರ್ಜುನ ಮನಸೂರರದು ತಿರುಗುಮುರುಗಾದ ದಾರಿ. 1910ರಲ್ಲಿ ಧಾರವಾಡದ ಮಗ್ಗುಲ ಹಳ್ಳಿ ಮನಸೂರಿನಲ್ಲಿ ಹುಟ್ಟಿದವರು. ಮಿರಜದ ನೀಲಕಂಠ ಬುವಾ ಅವರ ಬಳಿ ಕಲಿತರು, ಮುಂದೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಭುರ್ಜಿ ಖಾನರಿಂದ ಜೈಪುರ–ಅತ್ರೌಲಿ ಗಾಯಕಿ ಪಡೆದರು. ಬೇರೆಯವರು ಅಪರೂಪಕ್ಕೆ ಮುಟ್ಟುವ ಶಿವಮತ ಭೈರವ, ಬಸಂತಿ ಕೇದಾರದಂಥ ರಾಗಗಳು ಅವರ ಕೊರಳಲ್ಲಿ ಸಲೀಸಾಗಿ ಸುಳಿದಾಡಿದವು. ಖಾನಸಾಹೇಬರು ಕೊಟ್ಟ ಆ ವಿದ್ಯೆಯನ್ನೆಲ್ಲ ಬೆನ್ನಿಗಿಟ್ಟುಕೊಂಡು ಅವರು ವಚನ ಹಾಡಿದರು. ಮನೆಗೆ ಇಟ್ಟ ಹೆಸರು ‘ಮೃತ್ಯುಂಜಯ’, ಮುರುಘಾಮಠದ ಸ್ವಾಮಿಗಳದ್ದು. ಜೈಪುರ ಎಲ್ಲಿ ಮುಗಿಯಿತು, ವಚನಕಾರರ ಕಲ್ಯಾಣ ಎಲ್ಲಿ ಶುರುವಾಯಿತು ಎಂದು ಕೇಳುಗ ಗೆರೆ ಎಳೆಯಲಾರ. ಎಳೆಯಬೇಕಾದರೂ ಯಾಕೆ?

ಸಾಹಿತ್ಯದ ಕಡೆ ಬಂದರೂ ಅದೇ ಮಾತು. ಬೇಂದ್ರೆಯವರ ಮನೆಮಾತು ಮರಾಠಿ. ಆದರೆ ಧಾರವಾಡದ ಓಣಿಯ ಆಡುಮಾತಿಗೆ ಇಷ್ಟು ಲಯವಿದೆ ಎಂದು ಕನ್ನಡಕ್ಕೆ ತೋರಿಸಿಕೊಟ್ಟವರು ಅವರೇ; 1973ರಲ್ಲಿ ‘ನಾಕು ತಂತಿ’ಗೆ ಜ್ಞಾನಪೀಠವೂ ಬಂತು. ಗಿರೀಶ ಕಾರ್ನಾಡರು ಕೊಂಕಣಿ ಮನೆಯವರು. ಅವರ ‘ಯಯಾತಿ’ಯನ್ನು 1961ರಲ್ಲಿ ಅಚ್ಚು ಹಾಕಿದ್ದು ಸುಭಾಷ ರಸ್ತೆಯ ಮನೋಹರ ಗ್ರಂಥಮಾಲೆ. ಜಿ.ಬಿ. ಜೋಶಿಯವರ ಆ ‘ಅಟ್ಟ’ದ ಮೇಲೆ ಕೂತು ಕೀರ್ತಿನಾಥ ಕುರ್ತಕೋಟಿಯಂಥವರು ಹೊಸ ಬರಹಗಳನ್ನು ಜಾಲಾಡುತ್ತಿದ್ದರು. ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಎಂಬುದು ಅಲ್ಲಿ ಲೆಕ್ಕಕ್ಕೆ ಬರುವ ವಿಷಯವಾಗಿರಲಿಲ್ಲ.

ಹಾಗಂತ ಈ ನೆಲ ಬರೀ ಪಡೆದುಕೊಂಡೇ ಕೂತದ್ದಲ್ಲ. ಗದುಗಿನ ಭೀಮಸೇನ ಜೋಶಿಯವರು ಪುಣೆಯವರಾದರು. ಬೆಳಗಾವಿ ಜಿಲ್ಲೆಯ ಸುಳೇಭಾವಿಯ ಕುಮಾರ ಗಂಧರ್ವರು ಕ್ಷಯದಿಂದ ಚೇತರಿಸಿಕೊಳ್ಳಲು ಮಧ್ಯಪ್ರದೇಶದ ದೇವಾಸಿಗೆ ಹೋಗಿ ಅಲ್ಲೇ ಉಳಿದರು. ಹಾಡಬಾರದೆಂದು ವೈದ್ಯರು ಹೇಳಿದ್ದ ಕಾಲದಲ್ಲಿ ಮಾಳವದ ಹಳ್ಳಿಗರ ಹಾಡುಗಳಿಗೆ ಕಿವಿಗೊಟ್ಟರು. ಮುಂದೆ ಅವರು ಕಟ್ಟಿದ ಹೊಸ ರಾಗಗಳಲ್ಲಿ, ಹಾಡಿದ ಕಬೀರನಲ್ಲಿ ಆ ಧಾಟಿ ಇಳಿಯಿತು. ದೇವಾಸದವರು ಕುಮಾರರನ್ನು ತಮ್ಮವರೆಂದೇ ಹೇಳಿಕೊಳ್ಳುತ್ತಾರೆ. ಸುಳೇಭಾವಿಯವರೂ ಹಾಗೇ ಹೇಳುತ್ತಾರೆ. ಇಬ್ಬರದೂ ನಿಜ.